ಡಿಎಸ್‌ಎಲ್‌ಆರ್ ಕ್ಯಾಮೆರಾದ ಆರಂಭಿಕ ಮಸೂರ

ಆರಂಭಿಕ ಮಸೂರ ಎಂದರೆ ಡಿಜಿಟಲ್ ಎಸ್‌ಎಲ್‌ಆರ್ ಅಥವಾ ಡಿಎಸ್‌ಎಲ್‌ಆರ್ ಕ್ಯಾಮೆರಾವನ್ನು ಹೊಸದಾಗಿ ಕೊಳ್ಳುವವರು ಅದರೊಡನೆ, ಇಲ್ಲವೇ ಅದಾದ ಸ್ವಲ್ಪ ಕಾಲದಲ್ಲಿ ಪಡೆಯುವ ಮೊದಲ ಮಸೂರ. ರೂಢಿಯಲ್ಲಿ ಇದನ್ನು ಲೆನ್ಸ್ ಎಂದೇ ಕರೆಯುತ್ತಾರೆ. ಡಿಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಮಸೂರವನ್ನು ಕಳಚಿ ಬೇರೊಂದನ್ನು ಜೋಡಿಸಬಹುದಾದ್ದರಿಂದ, ಯಾವ ಮಸೂರದಿಂದ ಆರಂಭಿಸಬೇಕು ಎಂಬುದು ಕ್ಯಾಮೆರಾದ ಆಯ್ಕೆಯಷ್ಟೇ ಮಹತ್ವ ಪಡೆಯುತ್ತದೆ. ಕಡಿಮೆ ಬೆಲೆ, ಹಗುರ ತೂಕ ಮತ್ತು ಹಲವು ಬಗೆಯ ಚಿತ್ರಗಳಿಗೆ ಒದಗುವ ಗುಣ, ಈ ಮೂರು ಆರಂಭಿಕ ಮಸೂರದಿಂದ ಸಾಮಾನ್ಯವಾಗಿ ನಿರೀಕ್ಷಿಸುವ ಲಕ್ಷಣಗಳು. ಈ ವರ್ಗದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವವು ಕ್ಯಾಮೆರಾದೊಡನೆ ಬರುವ 18-55 ಮಿ.ಮೀ. ಕಿಟ್ ಜೂಮ್, 50 ಮಿ.ಮೀ. ಎಫ್/1.8 ಮತ್ತು 35 ಮಿ.ಮೀ. ಎಫ್/1.8 ಮಸೂರಗಳು. ಇವುಗಳಲ್ಲಿ ಯಾವುದು ಸೂಕ್ತ ಎಂಬುದು ಕ್ಯಾಮೆರಾದ ಸೆನ್ಸರಿನ ಗಾತ್ರ, ಫೋಕಸ್ ಮೋಟಾರಿನ ಇರುವಿಕೆ ಮತ್ತು ಚಿತ್ರ ತೆಗೆಯುವ ಸ್ಥಳದ ಬೆಳಕನ್ನು ಅವಲಂಬಿಸಿದೆ.

ಹಿನ್ನೆಲೆ

ಛಾಯಾಗ್ರಾಹಕರ ಮೊದಲ ಮಸೂರ 50 ಮಿ.ಮೀ. ಆಗಿರಬೇಕು ಎಂಬ ರೂಢಿ ಫಿಲ್ಮ್ ಕಾಲದಿಂದ ಬಂದದ್ದು. ಜರ್ಮನಿಯ ಆಸ್ಕರ್ ಬಾರ್ನಾಕ್ ರೂಪಿಸಿದ ಲೈಕಾ ಕ್ಯಾಮೆರಾ 1925ರಲ್ಲಿ ಮಾರುಕಟ್ಟೆಗೆ ಬಂದಾಗ ಅದರಲ್ಲಿ 50 ಮಿ.ಮೀ. ಎಫ್/3.5 ಮಸೂರವಿತ್ತು. ಸಿನಿಮಾ ಫಿಲ್ಮಿನ ಮೇಲೆ 24 × 36 ಮಿ.ಮೀ. ಅಳತೆಯ ಚಿತ್ರ ತೆಗೆಯುವ ಪದ್ಧತಿಯನ್ನು ಜನಪ್ರಿಯಗೊಳಿಸಿದ್ದು ಇದೇ ಕ್ಯಾಮೆರಾ. ಈ ಚೌಕಟ್ಟಿನ ಕರ್ಣದ ಉದ್ದ ಸುಮಾರು 43 ಮಿ.ಮೀ. ಚೌಕಟ್ಟಿನ ಕರ್ಣಕ್ಕೆ ಸಮೀಪವಾದ ಸಂಗಮದೂರವುಳ್ಳ ಮಸೂರವನ್ನು 'ಸಾಮಾನ್ಯ ಮಸೂರ' ಎನ್ನುತ್ತಾರೆ. ಅದರಿಂದ ತೆಗೆದ ಚಿತ್ರದಲ್ಲಿ ಹತ್ತಿರದ ಮತ್ತು ದೂರದ ವಸ್ತುಗಳ ಪ್ರಮಾಣ ಕಣ್ಣಿಗೆ ಸಹಜವೆನಿಸುತ್ತದೆ. ಫ್ರಾನ್ಸಿನ ಪ್ರಸಿದ್ಧ ಛಾಯಾಗ್ರಾಹಕ ಆನ್ರಿ ಕಾರ್ತಿಯೆ-ಬ್ರೆಸೋ ತಮ್ಮ ಹೆಚ್ಚಿನ ಚಿತ್ರಗಳಿಗೆ 50 ಮಿ.ಮೀ. ಮಸೂರವನ್ನೇ ಬಳಸಿದರು.

1960 ಮತ್ತು 1970ರ ದಶಕಗಳಲ್ಲಿ ಫಿಲ್ಮ್ ಎಸ್‌ಎಲ್‌ಆರ್ ಕ್ಯಾಮೆರಾಗಳು ಬಹುಮಟ್ಟಿಗೆ 50 ಮಿ.ಮೀ. ಅಥವಾ ಅದರ ಆಸುಪಾಸಿನ ಮಸೂರದೊಡನೆ ಮಾರಾಟವಾಗುತ್ತಿದ್ದವು. 1980ರ ದಶಕದಿಂದ ಅಗ್ಗದ ಜೂಮ್ ಮಸೂರಗಳು ಈ ಸ್ಥಾನವನ್ನು ಕ್ರಮೇಣ ಆಕ್ರಮಿಸಿದವು. 2003ರಲ್ಲಿ ಕ್ಯಾನನ್ ಸಂಸ್ಥೆ 1000 ಅಮೆರಿಕನ್ ಡಾಲರಿಗಿಂತ ಕಡಿಮೆ ಬೆಲೆಯ ಇಒಎಸ್ 300ಡಿ ಡಿಎಸ್‌ಎಲ್‌ಆರ್ ಕ್ಯಾಮೆರಾವನ್ನು ಬಿಡುಗಡೆ ಮಾಡಿತು. ಅದರೊಡನೆ ಬಂದ 18-55 ಮಿ.ಮೀ. ಎಫ್/3.5-5.6 ಮಸೂರವೇ ಮುಂದೆ ಹಲವು ತಯಾರಕರ ಆರಂಭಿಕ ಕಿಟ್ ಮಸೂರಗಳಿಗೆ ಮಾದರಿಯಾಯಿತು. ನಿಕಾನ್ ಸಂಸ್ಥೆಯೂ ತನ್ನ ಆರಂಭಿಕ ಕ್ಯಾಮೆರಾಗಳೊಡನೆ ಇದೇ ವ್ಯಾಪ್ತಿಯ ಮಸೂರವನ್ನು ನೀಡತೊಡಗಿತು.

ಹೀಗೆ ಕ್ಯಾಮೆರಾ ಬದಲಾದರೂ 'ಮೊದಲು ಒಂದು 50 ಮಿ.ಮೀ. ಕೊಳ್ಳಿ' ಎಂಬ ಫಿಲ್ಮ್ ಕಾಲದ ಸಲಹೆ ಉಳಿದುಕೊಂಡಿತು. ಆದರೆ ಆರಂಭಿಕ ಡಿಎಸ್‌ಎಲ್‌ಆರ್‌ಗಳ ಸೆನ್ಸರು ಫಿಲ್ಮಿಗಿಂತ ಚಿಕ್ಕದಾದ್ದರಿಂದ ಈ ಸಲಹೆಯ ಅರ್ಥ ಬದಲಾಗಿದೆ. ಇದನ್ನು ತಿಳಿಯದೆ ಮಸೂರ ಕೊಂಡವರು ನಿರಾಶರಾಗುವುದುಂಟು.

ಸಂಗಮದೂರ ಮತ್ತು ಸೆನ್ಸರಿನ ಗಾತ್ರ

ಮಸೂರದ ಮೇಲೆ ಮಿಲಿಮೀಟರುಗಳಲ್ಲಿ ಬರೆದಿರುವ ಸಂಖ್ಯೆ ಅದರ ಸಂಗಮದೂರ. ಸಂಗಮದೂರ ಕಡಿಮೆಯಾದಷ್ಟೂ ಚಿತ್ರದಲ್ಲಿ ಹೆಚ್ಚು ಅಗಲದ ದೃಶ್ಯ ಸೇರುತ್ತದೆ. ಹೆಚ್ಚಾದಷ್ಟೂ ದೃಶ್ಯದ ಕಿರಿದಾದ ಭಾಗ ದೊಡ್ಡದಾಗಿ ಕಾಣುತ್ತದೆ. ಆದರೆ ದೃಶ್ಯದ ಅಗಲವನ್ನು ನಿರ್ಧರಿಸುವುದು ಸಂಗಮದೂರ ಒಂದೇ ಅಲ್ಲ. ಮಸೂರ ಮೂಡಿಸಿದ ಬಿಂಬದಲ್ಲಿ ಎಷ್ಟು ಭಾಗವನ್ನು ಸೆನ್ಸರು ಹಿಡಿದುಕೊಳ್ಳುತ್ತದೆ ಎಂಬುದೂ ಅಷ್ಟೇ ಮುಖ್ಯ.

24 × 36 ಮಿ.ಮೀ. ಅಳತೆಯ ಸೆನ್ಸರನ್ನು ಫುಲ್ ಫ್ರೇಮ್ ಎನ್ನುತ್ತಾರೆ. ಇದನ್ನು ಹೊಂದಿದ ಕ್ಯಾಮೆರಾಗಳು ದುಬಾರಿ. ಆರಂಭಿಕ ದರ್ಜೆಯ ಡಿಎಸ್‌ಎಲ್‌ಆರ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಎಪಿಎಸ್-ಸಿ ಎಂಬ ಚಿಕ್ಕ ಸೆನ್ಸರು. ನಿಕಾನ್ ಕ್ಯಾಮೆರಾಗಳಲ್ಲಿ ಇದರ ಅಳತೆ ಸುಮಾರು 23.5 × 15.6 ಮಿ.ಮೀ.; ಕ್ಯಾನನ್ ಕ್ಯಾಮೆರಾಗಳಲ್ಲಿ ಸುಮಾರು 22.3 × 14.9 ಮಿ.ಮೀ. ಚಿಕ್ಕ ಸೆನ್ಸರು ಬಿಂಬದ ಮಧ್ಯಭಾಗವನ್ನಷ್ಟೇ ದಾಖಲಿಸುವುದರಿಂದ ಮಸೂರದ ಸಂಗಮದೂರ ಹೆಚ್ಚಿದಂತೆ ತೋರುತ್ತದೆ. ಈ ಪರಿಣಾಮವನ್ನು ಅಳೆಯುವ ಗುಣಕವನ್ನು ಕ್ರಾಪ್ ಫ್ಯಾಕ್ಟರ್ ಎನ್ನುತ್ತಾರೆ. ಅದು ನಿಕಾನ್‌ನಲ್ಲಿ 1.5, ಕ್ಯಾನನ್‌ನಲ್ಲಿ 1.6. ಆದ್ದರಿಂದ 50 ಮಿ.ಮೀ. ಮಸೂರ ನಿಕಾನ್‌ನ ಚಿಕ್ಕ ಸೆನ್ಸರಿನ ಮೇಲೆ ಫುಲ್ ಫ್ರೇಮಿನ 75 ಮಿ.ಮೀ. ಮಸೂರದಂತೆ, ಕ್ಯಾನನ್‌ನದರ ಮೇಲೆ 80 ಮಿ.ಮೀ. ಮಸೂರದಂತೆ ವರ್ತಿಸುತ್ತದೆ. ಅಂದರೆ ಅದು ಸಾಮಾನ್ಯ ಮಸೂರವಾಗಿ ಉಳಿಯದೆ, ಭಾವಚಿತ್ರಗಳಿಗೆ ಒಪ್ಪುವ ಕಿರುದೂರದ ಟೆಲಿ ಮಸೂರವಾಗುತ್ತದೆ.

ಇದರ ಪರಿಣಾಮವನ್ನು ಲೆಕ್ಕ ಹಾಕಿ ನೋಡಬಹುದು. ಕ್ಯಾನನ್‌ನ ಎಪಿಎಸ್-ಸಿ ಕ್ಯಾಮೆರಾವನ್ನು ಅಡ್ಡವಾಗಿ ಹಿಡಿದು 3 ಮೀಟರ್ ದೂರದಿಂದ ಚಿತ್ರ ತೆಗೆದಾಗ ಚೌಕಟ್ಟಿನಲ್ಲಿ ಸೇರುವ ದೃಶ್ಯದ ಅಗಲ ಸುಮಾರು ಹೀಗಿರುತ್ತದೆ:

• 18 ಮಿ.ಮೀ. ಸಂಗಮದೂರದಲ್ಲಿ 3.7 ಮೀಟರ್
• 24 ಮಿ.ಮೀ. ಸಂಗಮದೂರದಲ್ಲಿ 2.8 ಮೀಟರ್
• 35 ಮಿ.ಮೀ. ಸಂಗಮದೂರದಲ್ಲಿ 1.9 ಮೀಟರ್
• 50 ಮಿ.ಮೀ. ಸಂಗಮದೂರದಲ್ಲಿ 1.3 ಮೀಟರ್

ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಕೋಣೆಯಲ್ಲಿ ಗೋಡೆಗೆ ಒರಗಿ ನಿಂತರೂ ಎದುರಿನ ವ್ಯಕ್ತಿಗೂ ಛಾಯಾಗ್ರಾಹಕನಿಗೂ ನಡುವೆ ಮೂರು ಮೀಟರಿಗಿಂತ ಹೆಚ್ಚು ಅಂತರ ಸಿಗುವುದು ಕಷ್ಟ. ಒಬ್ಬ ವಯಸ್ಕರನ್ನು ಅಡಿಯಿಂದ ಮುಡಿಯವರೆಗೆ, ಮೇಲೆ ಕೆಳಗೆ ಸ್ವಲ್ಪ ಜಾಗ ಬಿಟ್ಟು ಚಿತ್ರಿಸಲು, ಕ್ಯಾಮೆರಾವನ್ನು ಲಂಬವಾಗಿ ಹಿಡಿದರೂ 50 ಮಿ.ಮೀ. ಮಸೂರಕ್ಕೆ ನಾಲ್ಕು ಮೀಟರಿಗಿಂತ ಹೆಚ್ಚು ದೂರ ಬೇಕು. 35 ಮಿ.ಮೀ. ಮಸೂರಕ್ಕೆ ಮೂರು ಮೀಟರ್ ಸಾಕು. ಮನೆಯೊಳಗಿನ ಸಮಾರಂಭ, ಊಟದ ಪಂಕ್ತಿ, ಕುಟುಂಬದ ಗುಂಪುಚಿತ್ರ ಮೊದಲಾದವುಗಳಲ್ಲಿ 50 ಮಿ.ಮೀ. ಮಸೂರ ಇಕ್ಕಟ್ಟೆನಿಸುವುದು ಈ ಕಾರಣದಿಂದ.

ದ್ಯುತಿರಂಧ್ರ ಮತ್ತು ಬೆಳಕು

ಮಸೂರದ ಹೆಸರಿನಲ್ಲಿ 'ಎಫ್' ಅಕ್ಷರದ ಮುಂದೆ ಬರುವ ಸಂಖ್ಯೆ ಅದರ ಗರಿಷ್ಠ ದ್ಯುತಿರಂಧ್ರವನ್ನು ತಿಳಿಸುತ್ತದೆ. ಸಂಗಮದೂರವನ್ನು ದ್ಯುತಿರಂಧ್ರದ ವ್ಯಾಸದಿಂದ ಭಾಗಿಸಿದರೆ ಈ ಸಂಖ್ಯೆ ಬರುತ್ತದೆ. ಆದ್ದರಿಂದ ಸಂಖ್ಯೆ ಚಿಕ್ಕದಾದಷ್ಟೂ ಬೆಳಕಿನ ದಾರಿ ದೊಡ್ಡದು. 50 ಮಿ.ಮೀ. ಎಫ್/1.8 ಮಸೂರದ ದ್ಯುತಿರಂಧ್ರದ ವ್ಯಾಸ ಸುಮಾರು 28 ಮಿ.ಮೀ. ಕಿಟ್ ಜೂಮ್ ಮಸೂರವನ್ನು 55 ಮಿ.ಮೀ.ಗೆ ಎಳೆದಾಗ ಅದರ ಗರಿಷ್ಠ ದ್ಯುತಿರಂಧ್ರ ಎಫ್/5.6; ವ್ಯಾಸ ಸುಮಾರು 10 ಮಿ.ಮೀ. ಮಾತ್ರ.

ಒಳಬರುವ ಬೆಳಕು ರಂಧ್ರದ ವಿಸ್ತೀರ್ಣಕ್ಕೆ ಅನುಗುಣವಾಗಿರುವುದರಿಂದ ಎಫ್/1.8ರಲ್ಲಿ ಸೆನ್ಸರಿನ ಮೇಲೆ ಬೀಳುವ ಬೆಳಕು ಎಫ್/5.6ರಲ್ಲಿ ಬೀಳುವುದರ ಸುಮಾರು ಹತ್ತು ಪಟ್ಟು. ಕಿಟ್ ಮಸೂರದಲ್ಲಿ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಕಾಲ ಷಟರ್ ತೆರೆದಿರಬೇಕಾದ ಕಡೆ, ಎಫ್/1.8 ಮಸೂರದಲ್ಲಿ ನೂರನೆಯ ಒಂದು ಭಾಗ ಸಾಕಾಗುತ್ತದೆ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಆಡುತ್ತಿರುವ ಮಗುವಿನ ಚಿತ್ರ ಮೊದಲನೆಯದರಲ್ಲಿ ಕಲಸಿದಂತೆ ಬರುತ್ತದೆ. ಎರಡನೆಯದರಲ್ಲಿ ಮುಖ ಸ್ಪಷ್ಟವಾಗಿ ಮೂಡುವ ಸಾಧ್ಯತೆ ಹೆಚ್ಚು.

ಕೈಯಲ್ಲಿ ಹಿಡಿದು ಚಿತ್ರ ತೆಗೆಯುವಾಗ ಷಟರಿನ ಅವಧಿ ಸಂಗಮದೂರದ ವ್ಯುತ್ಕ್ರಮಕ್ಕಿಂತ ದೀರ್ಘವಾಗಿರಬಾರದು ಎಂಬುದು ಹಳೆಯ ನಿಯಮ. ಚಿಕ್ಕ ಸೆನ್ಸರಿನಲ್ಲಿ ಕ್ರಾಪ್ ಫ್ಯಾಕ್ಟರನ್ನೂ ಸೇರಿಸಿದರೆ 50 ಮಿ.ಮೀ. ಮಸೂರಕ್ಕೆ ಈ ಮಿತಿ ಸೆಕೆಂಡಿನ ಎಂಬತ್ತನೆಯ ಒಂದು ಭಾಗದಷ್ಟಾಗುತ್ತದೆ. ಕಿಟ್ ಜೂಮ್‌ಗಳಲ್ಲಿ 2007ರಿಂದ ಕಂಪನ ನಿವಾರಣೆಯ ಸೌಲಭ್ಯ ಬಂದಿದೆ. ಕ್ಯಾನನ್ ಇದನ್ನು ಐಎಸ್ ಎಂದೂ, ನಿಕಾನ್ ವಿಆರ್ ಎಂದೂ ಗುರುತಿಸುತ್ತವೆ. ಇದು ಕೈನಡುಕದಿಂದ ಆಗುವ ಮಸುಕನ್ನು ತಗ್ಗಿಸುತ್ತದೆಯೇ ಹೊರತು, ಚಿತ್ರದಲ್ಲಿರುವ ವ್ಯಕ್ತಿಯ ಚಲನೆಯಿಂದ ಆಗುವ ಮಸುಕನ್ನಲ್ಲ. ನಿಶ್ಚಲವಾದ ಶಿಲ್ಪ ಅಥವಾ ಕಟ್ಟಡಕ್ಕೆ ಕಂಪನ ನಿವಾರಣೆ ನೆರವಾಗುತ್ತದೆ. ನರ್ತಿಸುತ್ತಿರುವ ಕಲಾವಿದರಿಗೆ ದೊಡ್ಡ ದ್ಯುತಿರಂಧ್ರವೇ ಬೇಕು.

ದೊಡ್ಡ ದ್ಯುತಿರಂಧ್ರದ ಇನ್ನೊಂದು ಪರಿಣಾಮ ಹಿನ್ನೆಲೆಯ ಮಸುಕು. ಫೋಕಸ್ ಮಾಡಿದ ಬಿಂದುವಿನ ಹಿಂದೆ ಮುಂದೆ ಎಷ್ಟು ದೂರದವರೆಗೆ ಚಿತ್ರ ಸ್ಪಷ್ಟವಾಗಿರುತ್ತದೆ ಎಂಬುದನ್ನು ಡೆಪ್ತ್ ಆಫ್ ಫೀಲ್ಡ್ ಎನ್ನುತ್ತಾರೆ. ಎಪಿಎಸ್-ಸಿ ಸೆನ್ಸರಿನಲ್ಲಿ 50 ಮಿ.ಮೀ. ಮಸೂರದಿಂದ ಒಂದೂವರೆ ಮೀಟರ್ ದೂರದ ಮುಖವನ್ನು ಎಫ್/1.8ರಲ್ಲಿ ಚಿತ್ರಿಸಿದರೆ ಈ ಆಳ ಸುಮಾರು 6 ಸೆಂ.ಮೀ. ಮಾತ್ರ. ಕಣ್ಣು ಸ್ಪಷ್ಟವಾಗಿದ್ದರೆ ಕಿವಿ ಮಸುಕಾಗಿರಬಹುದು. ಎಫ್/5.6ರಲ್ಲಿ ಇದೇ ಆಳ ಸುಮಾರು 19 ಸೆಂ.ಮೀ. ಆಗುತ್ತದೆ. ಆದ್ದರಿಂದ ದೊಡ್ಡ ದ್ಯುತಿರಂಧ್ರವನ್ನು ಬಳಸುವಾಗ ಫೋಕಸ್ ಬಿಂದುವನ್ನು ಕಣ್ಣಿನ ಮೇಲೆ ಇರಿಸುವ ಅಭ್ಯಾಸ ಅಗತ್ಯ.

ಆರಂಭಿಕ ಮಸೂರದ ಬಗೆಗಳು

ಕಿಟ್ ಜೂಮ್

18-55 ಮಿ.ಮೀ. ಎಫ್/3.5-5.6 ಮಸೂರ ಕ್ಯಾಮೆರಾದೊಡನೆ ಒಟ್ಟಾಗಿ ಮಾರಾಟವಾಗುವುದರಿಂದ ಅದಕ್ಕೆ ಪ್ರತ್ಯೇಕವಾಗಿ ತೆರುವ ಹಣ ಕಡಿಮೆ. ಫುಲ್ ಫ್ರೇಮಿನ ಲೆಕ್ಕದಲ್ಲಿ ಇದರ ವ್ಯಾಪ್ತಿ ಸುಮಾರು 28ರಿಂದ 85 ಮಿ.ಮೀ. ವಿಶಾಲ ಭೂದೃಶ್ಯದಿಂದ ಭಾವಚಿತ್ರದವರೆಗೆ ಒಂದೇ ಮಸೂರದಲ್ಲಿ ಸಾಧ್ಯ. ಹತ್ತಿರದ ವಸ್ತುಗಳಿಗೂ ಇದು ಒದಗುತ್ತದೆ: ಕ್ಯಾನನ್‌ನ 18-55 ಮಿ.ಮೀ. ಐಎಸ್ ಮಸೂರ 25 ಸೆಂ.ಮೀ. ದೂರದವರೆಗೆ ಫೋಕಸ್ ಮಾಡಿ 0.34 ಪಟ್ಟು ವರ್ಧನೆ ನೀಡುತ್ತದೆ. ಅದೇ ಸಂಸ್ಥೆಯ 50 ಮಿ.ಮೀ. ಎಫ್/1.8 ಎಸ್‌ಟಿಎಂ ಮಸೂರದ ಗರಿಷ್ಠ ವರ್ಧನೆ 0.21 ಪಟ್ಟು. ಹಗಲಿನಲ್ಲಿ ಎಫ್/8ರ ಆಸುಪಾಸಿನಲ್ಲಿ ಕಿಟ್ ಜೂಮ್ ನೀಡುವ ಚಿತ್ರ ಸಾಕಷ್ಟು ಸ್ಪಷ್ಟವಾಗಿರುತ್ತದೆ. ಇದರ ಮುಖ್ಯ ಮಿತಿ ಕಡಿಮೆ ಬೆಳಕು.

50 ಮಿ.ಮೀ. ಎಫ್/1.8

ಇಂಗ್ಲಿಷ್ ಬಲ್ಲ ಛಾಯಾಗ್ರಾಹಕರ ವಲಯದಲ್ಲಿ 'ನಿಫ್ಟಿ ಫಿಫ್ಟಿ' ಎಂಬ ಅಡ್ಡಹೆಸರಿರುವ ಮಸೂರ ಇದು. ಕ್ಯಾನನ್ ತನ್ನ ಇಎಫ್ ಸರಣಿಯಲ್ಲಿ ಇದನ್ನು 1987ರಲ್ಲಿ ಹೊರತಂದಿತು. 1990ರಲ್ಲಿ ಬಂದ ಎರಡನೆಯ ಆವೃತ್ತಿಯಲ್ಲಿ ಲೋಹದ ಮೌಂಟಿನ ಬದಲು ಪ್ಲಾಸ್ಟಿಕ್ ಬಳಸಿ ಬೆಲೆಯನ್ನು ಇಳಿಸಲಾಯಿತು. ಅದರ ತೂಕ 130 ಗ್ರಾಂ. 2015ರ ಎಸ್‌ಟಿಎಂ ಆವೃತ್ತಿಯಲ್ಲಿ ಲೋಹದ ಮೌಂಟ್ ಮರಳಿತು, ದ್ಯುತಿರಂಧ್ರದ ಅಲಗುಗಳು ಐದರಿಂದ ಏಳಕ್ಕೆ ಏರಿದವು ಮತ್ತು ಕನಿಷ್ಠ ಫೋಕಸ್ ದೂರ 45ರಿಂದ 35 ಸೆಂ.ಮೀ.ಗೆ ಇಳಿಯಿತು. ಬಿಡುಗಡೆಯ ವೇಳೆ ಅಮೆರಿಕದಲ್ಲಿ ಅದರ ಬೆಲೆ 125 ಡಾಲರ್ ಇತ್ತು. ನಿಕಾನ್‌ನಲ್ಲಿ ಇದಕ್ಕೆ ಸಮನಾದವು ಎಎಫ್ 50 ಮಿ.ಮೀ. ಎಫ್/1.8ಡಿ ಮತ್ತು 2011ರಲ್ಲಿ ಬಂದ ಎಎಫ್-ಎಸ್ 50 ಮಿ.ಮೀ. ಎಫ್/1.8ಜಿ.

35 ಮಿ.ಮೀ. ಮತ್ತು ಅದಕ್ಕಿಂತ ಕಡಿಮೆ ಸಂಗಮದೂರದ ಮಸೂರಗಳು

ಚಿಕ್ಕ ಸೆನ್ಸರಿನ ಕ್ಯಾಮೆರಾದಲ್ಲಿ ಫಿಲ್ಮ್ ಕಾಲದ 50 ಮಿ.ಮೀ. ಮಸೂರದ ನೋಟವನ್ನು ಕೊಡುವುದು 35 ಮಿ.ಮೀ. ಮಸೂರ. ನಿಕಾನ್ 2009ರಲ್ಲಿ ಹೊರತಂದ ಎಎಫ್-ಎಸ್ ಡಿಎಕ್ಸ್ 35 ಮಿ.ಮೀ. ಎಫ್/1.8ಜಿ ಈ ಉದ್ದೇಶಕ್ಕಾಗಿಯೇ ರೂಪಿಸಿದ್ದು. ಇದರ ತೂಕ ಸುಮಾರು 200 ಗ್ರಾಂ, ಕನಿಷ್ಠ ಫೋಕಸ್ ದೂರ 30 ಸೆಂ.ಮೀ. 1.5ರ ಗುಣಕದಂತೆ ಇದು 52.5 ಮಿ.ಮೀ.ಗೆ ಸಮ. ಸೋನಿ 2010ರಲ್ಲಿ ತನ್ನ ಎ-ಮೌಂಟ್ ಕ್ಯಾಮೆರಾಗಳಿಗೆ ಡಿಟಿ 35 ಮಿ.ಮೀ. ಎಫ್/1.8 ಮಸೂರವನ್ನೂ, ಪೆಂಟಾಕ್ಸ್ ಅದೇ ವರ್ಷ ಡಿಎ 35 ಮಿ.ಮೀ. ಎಫ್/2.4 ಮಸೂರವನ್ನೂ ಪರಿಚಯಿಸಿದವು. ಕ್ಯಾನನ್‌ನ ಇಎಫ್-ಎಸ್ 24 ಮಿ.ಮೀ. ಎಫ್/2.8 ಎಸ್‌ಟಿಎಂ ಮಸೂರ 2014ರದು. ಕೇವಲ 125 ಗ್ರಾಂ ತೂಗುವ, ಎರಡು ಸೆಂ.ಮೀ.ಗಿಂತ ಸ್ವಲ್ಪ ಹೆಚ್ಚು ದಪ್ಪದ ಈ ಮಸೂರ ಆ ಸಂಸ್ಥೆಯ ಚಿಕ್ಕ ಸೆನ್ಸರಿನ ಮೇಲೆ 38 ಮಿ.ಮೀ.ಗೆ ಸಮನಾದ ನೋಟ ನೀಡುತ್ತದೆ.

ಇತರ ಜೂಮ್‌ಗಳು

18-135 ಅಥವಾ 18-200 ಮಿ.ಮೀ. ವ್ಯಾಪ್ತಿಯ ಜೂಮ್‌ಗಳು ಪ್ರವಾಸದಲ್ಲಿ ಮಸೂರ ಬದಲಿಸುವ ಶ್ರಮವನ್ನು ತಪ್ಪಿಸುತ್ತವೆ. ಆದರೆ ಅವು ಭಾರವಾಗಿರುತ್ತವೆ ಮತ್ತು ಅವುಗಳ ದ್ಯುತಿರಂಧ್ರವೂ ಕಿಟ್ ಮಸೂರದಷ್ಟೇ ಚಿಕ್ಕದು. ಟ್ಯಾಮ್ರಾನ್ ಮತ್ತು ಸಿಗ್ಮಾ ಸಂಸ್ಥೆಗಳ 17-50 ಮಿ.ಮೀ. ಎಫ್/2.8 ಮಸೂರಗಳು ಇಡೀ ವ್ಯಾಪ್ತಿಯಲ್ಲಿ ಒಂದೇ ಗರಿಷ್ಠ ದ್ಯುತಿರಂಧ್ರವನ್ನು ಉಳಿಸಿಕೊಳ್ಳುತ್ತವೆ. ಕಿಟ್ ಜೂಮಿನ ಅನುಕೂಲವನ್ನೂ ಹೆಚ್ಚಿನ ಬೆಳಕನ್ನೂ ಒಟ್ಟಿಗೆ ಬಯಸುವವರಿಗೆ ಇವು ನಡುವಿನ ದಾರಿ. ಬೆಲೆ ಮಾತ್ರ ಎಫ್/1.8 ಮಸೂರಗಳಿಗಿಂತ ಹೆಚ್ಚು.

50 ಮಿ.ಮೀ. ಮಸೂರದ ಬೆಲೆ ಕಡಿಮೆಯಿರಲು ಕಾರಣ

ಬೆಲೆ ಕಡಿಮೆಯೆಂದ ಮಾತ್ರಕ್ಕೆ 50 ಮಿ.ಮೀ. ಎಫ್/1.8 ಮಸೂರದ ಗುಣಮಟ್ಟ ಕೀಳಲ್ಲ. ಇದರ ರಚನೆಗೆ ಆಧಾರ ಡಬಲ್ ಗಾಸ್ ಎಂಬ ವಿನ್ಯಾಸ. ಜರ್ಮನಿಯ ಜೈಸ್ ಸಂಸ್ಥೆಯ ಪಾಲ್ ರುಡಾಲ್ಫ್ 1896ರಲ್ಲಿ ರೂಪಿಸಿದ ಪ್ಲಾನಾರ್ ಮಸೂರ ಈ ವಂಶಕ್ಕೆ ಸೇರಿದ್ದು. ದ್ಯುತಿರಂಧ್ರದ ಎರಡೂ ಬದಿಗೆ ಹೆಚ್ಚುಕಡಿಮೆ ಸಮರೂಪವಾಗಿ ಗಾಜುಗಳನ್ನು ಜೋಡಿಸುವುದರಿಂದ ಹಲವು ಬಗೆಯ ಬಿಂಬದೋಷಗಳು ಒಂದನ್ನೊಂದು ರದ್ದುಪಡಿಸುತ್ತವೆ. ಕ್ಯಾನನ್‌ನ 50 ಮಿ.ಮೀ. ಎಸ್‌ಟಿಎಂ ಮಸೂರದಲ್ಲಿರುವುದು ಆರೇ ಗಾಜುಗಳು.

ಎರಡನೆಯ ಕಾರಣ ಕ್ಯಾಮೆರಾದ ಕನ್ನಡಿ. ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಮಸೂರಕ್ಕೂ ಸೆನ್ಸರಿಗೂ ನಡುವೆ ಏಳುತ್ತ ಬೀಳುತ್ತ ಇರುವ ಕನ್ನಡಿಗೆ ಜಾಗ ಬೇಕು. ಮೌಂಟಿನಿಂದ ಸೆನ್ಸರಿನವರೆಗಿನ ದೂರ ಕ್ಯಾನನ್‌ನಲ್ಲಿ 44 ಮಿ.ಮೀ., ನಿಕಾನ್‌ನಲ್ಲಿ 46.5 ಮಿ.ಮೀ. 50 ಮಿ.ಮೀ. ಸಂಗಮದೂರ ಇದಕ್ಕಿಂತ ಹೆಚ್ಚಾದ್ದರಿಂದ ಸರಳ ವಿನ್ಯಾಸ ಸಾಕಾಗುತ್ತದೆ. 35 ಅಥವಾ 24 ಮಿ.ಮೀ. ಮಸೂರಕ್ಕೆ, ಸಂಗಮದೂರಕ್ಕಿಂತ ಹೆಚ್ಚು ಹಿಂದೆ ಬಿಂಬ ಮೂಡಿಸುವ ರೆಟ್ರೋಫೋಕಸ್ ವಿನ್ಯಾಸ ಬೇಕಾಗುತ್ತದೆ. ಎಸ್‌ಎಲ್‌ಆರ್ ಕ್ಯಾಮೆರಾಗಳಿಗೆ ಇದನ್ನು 1950ರಲ್ಲಿ ಫ್ರಾನ್ಸಿನ ಆಂಜೆನ್ಯೂ ಸಂಸ್ಥೆ ಪರಿಚಯಿಸಿತು. ಇಂಥ ವಿನ್ಯಾಸಕ್ಕೆ ಗಾಜುಗಳು ಹೆಚ್ಚು ಬೇಕು. ನಿಕಾನ್‌ನ 35 ಮಿ.ಮೀ. ಡಿಎಕ್ಸ್ ಮಸೂರದಲ್ಲಿ ಎಂಟು ಗಾಜುಗಳಿವೆ. ಬಿಡುಗಡೆಯ ವೇಳೆ ಅಮೆರಿಕದಲ್ಲಿ ಅದರ ಬೆಲೆ ಸುಮಾರು 200 ಡಾಲರ್ ಆಗಿತ್ತು.

ಮೌಂಟ್ ಮತ್ತು ಹೊಂದಾಣಿಕೆ

ಮಸೂರ ಕ್ಯಾಮೆರಾಕ್ಕೆ ಸೇರಿಕೊಳ್ಳುವ ಲೋಹದ ಅಥವಾ ಪ್ಲಾಸ್ಟಿಕ್ಕಿನ ಉಂಗುರವನ್ನು ಮೌಂಟ್ ಎನ್ನುತ್ತಾರೆ. ಒಂದು ಸಂಸ್ಥೆಯ ಮೌಂಟಿಗೆ ಮಾಡಿದ ಮಸೂರ ಇನ್ನೊಂದಕ್ಕೆ ಹೊಂದುವುದಿಲ್ಲ. ಒಂದೇ ಸಂಸ್ಥೆಯೊಳಗೂ ಗಮನಿಸಬೇಕಾದ ವ್ಯತ್ಯಾಸಗಳಿವೆ.

ಕ್ಯಾನನ್: 1987ರ ಇಎಫ್ ಮೌಂಟಿನ ಎಲ್ಲ ಆಟೋಫೋಕಸ್ ಮಸೂರಗಳಲ್ಲಿ ಮೋಟಾರು ಮಸೂರದೊಳಗೇ ಇರುತ್ತದೆ. ಇಎಫ್ ಮಸೂರಗಳನ್ನು ಆ ಸಂಸ್ಥೆಯ ಎಲ್ಲ ಇಒಎಸ್ ಡಿಎಸ್‌ಎಲ್‌ಆರ್‌ಗಳಲ್ಲಿ ಬಳಸಬಹುದು. ಇಎಫ್-ಎಸ್ ಎಂದು ಗುರುತಿಸಿದವು ಚಿಕ್ಕ ಸೆನ್ಸರಿಗಾಗಿ ಮಾಡಿದವು. ಫುಲ್ ಫ್ರೇಮ್ ಡಿಎಸ್‌ಎಲ್‌ಆರ್‌ಗೆ ಅವು ಕೂರುವುದಿಲ್ಲ.

ನಿಕಾನ್: ಎಫ್ ಮೌಂಟ್ 1959ರಿಂದ ಬಳಕೆಯಲ್ಲಿದೆ. ಎಎಫ್ ಮತ್ತು ಎಎಫ್-ಡಿ ಮಸೂರಗಳಲ್ಲಿ ಮೋಟಾರು ಇರುವುದಿಲ್ಲ. ಕ್ಯಾಮೆರಾದ ಒಳಗಿನ ಮೋಟಾರು ಅವುಗಳ ಫೋಕಸನ್ನು ತಿರುಗಿಸುತ್ತದೆ. ಆದರೆ ಡಿ40, ಡಿ60 ಹಾಗೂ ಡಿ3000 ಮತ್ತು ಡಿ5000 ಸರಣಿಯ ಆರಂಭಿಕ ಕ್ಯಾಮೆರಾಗಳಲ್ಲಿ ಈ ಮೋಟಾರು ಇಲ್ಲ. ಆದ್ದರಿಂದ ಬೆಲೆ ಕಡಿಮೆಯೆಂದು 50 ಮಿ.ಮೀ. ಎಫ್/1.8ಡಿ ಮಸೂರವನ್ನು ಇಂಥ ಕ್ಯಾಮೆರಾಕ್ಕೆ ಕೊಂಡರೆ ಪ್ರತಿ ಚಿತ್ರಕ್ಕೂ ಕೈಯಿಂದಲೇ ಫೋಕಸ್ ಮಾಡಬೇಕಾಗುತ್ತದೆ. ಹೆಸರಿನಲ್ಲಿ ಎಎಫ್-ಎಸ್ ಎಂದಿರುವ ಮಸೂರಗಳಲ್ಲಿ ಮೋಟಾರು ಒಳಗೇ ಇರುವುದರಿಂದ ಈ ತೊಂದರೆಯಿಲ್ಲ. ಮುಂದೆ ಬಂದ ಎಎಫ್-ಪಿ ಮಸೂರಗಳು ಕೆಲವು ಹಳೆಯ ಕ್ಯಾಮೆರಾಗಳಲ್ಲಿ ಫೋಕಸ್ ಆಗುವುದಿಲ್ಲ.

ಪೆಂಟಾಕ್ಸ್ ಮತ್ತು ಸೋನಿ: ಪೆಂಟಾಕ್ಸ್‌ನ ಕೆ ಮೌಂಟ್ 1975ರದು. ಸೋನಿಯ ಎ-ಮೌಂಟ್ ಮಿನೋಲ್ಟಾ ಸಂಸ್ಥೆ 1985ರಲ್ಲಿ ರೂಪಿಸಿದ್ದು. 2006ರಲ್ಲಿ ಸೋನಿಯ ಪಾಲಾಯಿತು. ಈ ಎರಡೂ ಸಂಸ್ಥೆಗಳ ಡಿಎಸ್‌ಎಲ್‌ಆರ್‌ಗಳಲ್ಲಿ ಸಾಮಾನ್ಯವಾಗಿ ಕಂಪನ ನಿವಾರಣೆ ಕ್ಯಾಮೆರಾದಲ್ಲಿಯೇ ಇರುವುದರಿಂದ ಹಳೆಯ, ಅಗ್ಗದ ಮಸೂರಗಳಿಗೂ ಅದರ ಪ್ರಯೋಜನ ದೊರೆಯುತ್ತದೆ.

ಆಯ್ಕೆಯ ಕ್ರಮ

ಸಂಗಮದೂರದ ಆಯ್ಕೆಯಲ್ಲಿ ಊಹೆಗಿಂತ ದಾಖಲೆ ಹೆಚ್ಚು ನಂಬಿಕೆಗೆ ಅರ್ಹ. ಡಿಜಿಟಲ್ ಕ್ಯಾಮೆರಾ ಪ್ರತಿ ಚಿತ್ರದ ಕಡತದಲ್ಲಿ ಎಕ್ಸಿಫ್ ಎಂಬ ಮಾಹಿತಿಯನ್ನು ಸೇರಿಸುತ್ತದೆ. ಚಿತ್ರ ತೆಗೆದ ಸಂಗಮದೂರ, ದ್ಯುತಿರಂಧ್ರ, ಷಟರಿನ ಅವಧಿ ಮತ್ತು ಐಎಸ್‌ಒ ಅದರಲ್ಲಿರುತ್ತವೆ. ಕಿಟ್ ಜೂಮಿನಿಂದ ಕೆಲವು ತಿಂಗಳು ಚಿತ್ರ ತೆಗೆದ ಬಳಿಕ ತಮಗೆ ಮೆಚ್ಚುಗೆಯಾದ ಚಿತ್ರಗಳ ಎಕ್ಸಿಫ್ ಮಾಹಿತಿಯನ್ನು ನೋಡಿದರೆ ಎರಡು ವಿಷಯಗಳು ತಿಳಿಯುತ್ತವೆ. ಒಂದು, ಹೆಚ್ಚಿನ ಚಿತ್ರಗಳು ಯಾವ ಸಂಗಮದೂರದ ಆಸುಪಾಸಿನಲ್ಲಿವೆ ಎಂಬುದು. ಎರಡು, ಮಸುಕಾಗಿ ಕೆಟ್ಟ ಚಿತ್ರಗಳಲ್ಲಿ ಷಟರಿನ ಅವಧಿ ಎಷ್ಟಿತ್ತು ಎಂಬುದು. ಅವು ಹೆಚ್ಚಾಗಿ ಸೆಕೆಂಡಿನ ಮೂವತ್ತನೆಯ ಒಂದು ಭಾಗಕ್ಕಿಂತ ದೀರ್ಘವಾಗಿದ್ದರೆ ಕೊರತೆ ಬೆಳಕಿನದು, ಎಫ್/1.8 ಮಸೂರ ಅದನ್ನು ನೀಗಿಸಬಲ್ಲದು. ಮೆಚ್ಚಿನ ಚಿತ್ರಗಳು 18 ಮಿ.ಮೀ.ನಲ್ಲೇ ಹೆಚ್ಚಾಗಿದ್ದರೆ 50 ಮಿ.ಮೀ. ಮಸೂರದಿಂದ ಉಪಯೋಗ ಕಡಿಮೆ.

ಇನ್ನೊಂದು ಸುಲಭ ಪರೀಕ್ಷೆಯೂ ಇದೆ. ಕಿಟ್ ಜೂಮನ್ನು 35 ಮಿ.ಮೀ. ಗುರುತಿಗೆ ಇರಿಸಿ ಒಂದು ದಿನವಿಡೀ ಅದನ್ನು ಕದಲಿಸದೆ ಚಿತ್ರ ತೆಗೆಯುವುದು, ಮರುದಿನ 50 ಮಿ.ಮೀ. ಗುರುತಿನಲ್ಲಿ ಹಾಗೆಯೇ ಮಾಡುವುದು. ಯಾವ ಸಂಗಮದೂರದಲ್ಲಿ ಹಿಂದೆ ಸರಿಯಲು ಜಾಗವಿಲ್ಲದೆ ಚಿತ್ರ ತಪ್ಪಿಹೋಯಿತು, ಯಾವುದರಲ್ಲಿ ಹತ್ತಿರ ಹೋಗಲಾಗದೆ ತಪ್ಪಿತು ಎಂಬುದು ಹಣ ವ್ಯಯಿಸುವ ಮೊದಲೇ ತಿಳಿಯುತ್ತದೆ.

ಸ್ಥೂಲವಾಗಿ, ಹಗಲಿನ ಪ್ರವಾಸ ಮತ್ತು ಭೂದೃಶ್ಯಕ್ಕೆ ಕಿಟ್ ಜೂಮ್ ಸಾಕು. ಮನೆಯೊಳಗಿನ ಚಿತ್ರಗಳಿಗೆ ಮತ್ತು ದಿನನಿತ್ಯದ ಬಳಕೆಗೆ, ಚಿಕ್ಕ ಸೆನ್ಸರಿನ ಕ್ಯಾಮೆರಾಕ್ಕೆ 35 ಮಿ.ಮೀ. ಸೂಕ್ತ. ಭಾವಚಿತ್ರ ಮತ್ತು ವೇದಿಕೆಯ ಸಮೀಪದಿಂದ ತೆಗೆಯುವ ಕಾರ್ಯಕ್ರಮಗಳ ಚಿತ್ರಗಳಿಗೆ 50 ಮಿ.ಮೀ. ಒಪ್ಪುತ್ತದೆ. ಫುಲ್ ಫ್ರೇಮ್ ಕ್ಯಾಮೆರಾ ಉಳ್ಳವರಿಗೆ 50 ಮಿ.ಮೀ. ಈಗಲೂ ಸಾಮಾನ್ಯ ಮಸೂರವೇ. ಪಕ್ಷಿಗಳು, ವನ್ಯಜೀವಿಗಳು ಮತ್ತು ಮೈದಾನದ ಕ್ರೀಡೆಗಳಿಗೆ ಇವುಗಳಲ್ಲಿ ಯಾವುದೂ ಸಾಲದು. ಅವುಗಳಿಗೆ ಹೆಚ್ಚಿನ ಸಂಗಮದೂರದ ಬೇರೆ ಮಸೂರ ಬೇಕು.

ಬಳಸಿದ ಮಸೂರಗಳು ಮತ್ತು ಸಂರಕ್ಷಣೆ

ಮಸೂರ ಕ್ಯಾಮೆರಾದಷ್ಟು ಬೇಗ ಹಳತಾಗುವುದಿಲ್ಲವಾದ್ದರಿಂದ ಬಳಸಿದ ಮಸೂರಗಳ ಮಾರುಕಟ್ಟೆ ದೊಡ್ಡದಾಗಿದೆ. ಕೊಳ್ಳುವ ಮುನ್ನ ಎರಡೂ ಬದಿಯ ಮುಚ್ಚಳ ತೆಗೆದು, ಒಂದು ಕಡೆಯಿಂದ ಸಣ್ಣ ಟಾರ್ಚ್ ಬೆಳಕು ಹಾಯಿಸಿ ಒಳಗಿನ ಗಾಜುಗಳನ್ನು ನೋಡುವುದು ವಾಡಿಕೆ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಶಿಲೀಂಧ್ರ, ಅಂದರೆ ಬೂಷ್ಟು. ಮುಂದಿನ ಗಾಜಿನ ಮೇಲಿನ ಒಂದೆರಡು ಸಣ್ಣ ಗೀರುಗಳು ಚಿತ್ರದಲ್ಲಿ ಕಾಣುವುದು ಅಪರೂಪ. ಹಿಂದಿನ ಗಾಜಿನ ಗೀರು ಮತ್ತು ಒಳಗಿನ ಬೂಷ್ಟು ಹೆಚ್ಚು ಹಾನಿಕರ. ಆಟೋಫೋಕಸ್ ಹತ್ತಿರದಿಂದ ಅನಂತದವರೆಗೆ ಅಡೆತಡೆಯಿಲ್ಲದೆ ಚಲಿಸುತ್ತದೆಯೇ, ದ್ಯುತಿರಂಧ್ರದ ಅಲಗುಗಳ ಮೇಲೆ ಎಣ್ಣೆಯ ಪಸೆ ಇದೆಯೇ ಎಂಬುದನ್ನೂ ಪರೀಕ್ಷಿಸಬೇಕು.

ಬೂಷ್ಟಿಗೆ ಮುಖ್ಯ ಕಾರಣ ತೇವಾಂಶ. ಕರಾವಳಿ ಮತ್ತು ಮಲೆನಾಡಿನಂಥ ಪ್ರದೇಶಗಳಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಮಸೂರವನ್ನು ಬಟ್ಟೆಯ ಅಥವಾ ಚರ್ಮದ ಚೀಲದಲ್ಲಿ ಮುಚ್ಚಿಟ್ಟರೆ ಬೂಷ್ಟು ಬೆಳೆಯುವ ಸಂಭವ ಹೆಚ್ಚು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಇರಿಸುವುದು ಕಡಿಮೆ ಖರ್ಚಿನ ಉಪಾಯ. ಡಬ್ಬಿಯೊಳಗಿನ ಸಾಪೇಕ್ಷ ಆರ್ದ್ರತೆ ಶೇ. 40ರಿಂದ 50ರಷ್ಟಿದ್ದರೆ ಸಾಕು. ತೇವ ಹೀರಿ ಬಣ್ಣ ಬದಲಿಸಿದ ಸಿಲಿಕಾ ಜೆಲ್ಲನ್ನು ಬಿಸಿಮಾಡಿ ಒಣಗಿಸಿ ಮತ್ತೆ ಬಳಸಬಹುದು. ಮಸೂರವನ್ನು ಆಗಾಗ ಹೊರತೆಗೆದು ಬಳಸುತ್ತಿರುವುದೂ ಬೂಷ್ಟನ್ನು ದೂರವಿಡುತ್ತದೆ.

ಕನ್ನಡಿರಹಿತ ಕ್ಯಾಮೆರಾಗಳ ಕಾಲದಲ್ಲಿ

2018ರಲ್ಲಿ ಕ್ಯಾನನ್ ಇಒಎಸ್ ಆರ್ ಮತ್ತು ನಿಕಾನ್ ಜೆಡ್ ಸರಣಿಯ ಕನ್ನಡಿರಹಿತ ಫುಲ್ ಫ್ರೇಮ್ ಕ್ಯಾಮೆರಾಗಳು ಬಂದ ಮೇಲೆ ಈ ಎರಡು ಸಂಸ್ಥೆಗಳ ಹೊಸ ಮಸೂರಗಳ ತಯಾರಿಕೆ ಅತ್ತ ಹೊರಳಿದೆ. ಅವುಗಳ ಮೌಂಟ್ ಬೇರೆಯಾದರೂ, ಸಂಸ್ಥೆಗಳೇ ಒದಗಿಸುವ ಅಡಾಪ್ಟರ್ ಮೂಲಕ ಹಳೆಯ ಮಸೂರಗಳನ್ನು ಬಳಸಬಹುದು. ಕ್ಯಾನನ್‌ನ ಇಎಫ್ ಮತ್ತು ಇಎಫ್-ಎಸ್ ಮಸೂರಗಳು ಅಡಾಪ್ಟರಿನೊಡನೆ ಆಟೋಫೋಕಸ್ ಸಹಿತ ಕೆಲಸ ಮಾಡುತ್ತವೆ. ನಿಕಾನ್‌ನ ಎಫ್‌ಟಿಜೆಡ್ ಅಡಾಪ್ಟರಿನಲ್ಲಿ ಫೋಕಸ್ ಮೋಟಾರು ಇಲ್ಲವಾದ್ದರಿಂದ ಎಎಫ್-ಎಸ್ ಮಸೂರಗಳು ಫೋಕಸ್ ಮಾಡುತ್ತವೆ, ಎಎಫ್-ಡಿ ಮಸೂರಗಳು ಮಾಡುವುದಿಲ್ಲ.

ಈ ಬದಲಾವಣೆಯಿಂದ ಬಳಸಿದ ಡಿಎಸ್‌ಎಲ್‌ಆರ್ ಕ್ಯಾಮೆರಾ ಮತ್ತು ಮಸೂರಗಳು ಹೆಚ್ಚಿನ ಸಂಖ್ಯೆಯಲ್ಲಿ ಮಾರಾಟಕ್ಕೆ ಬರುತ್ತಿವೆ. ಸೀಮಿತ ಹಣದಲ್ಲಿ ಛಾಯಾಗ್ರಹಣ ಕಲಿಯಬಯಸುವ ವಿದ್ಯಾರ್ಥಿಗಳಿಗೆ ಹಳೆಯ ಕ್ಯಾಮೆರಾ, ಕಿಟ್ ಜೂಮ್ ಮತ್ತು ಒಂದು ಎಫ್/1.8 ಮಸೂರ ಈಗಲೂ ಕೈಗೆಟಕುವ ಜೋಡಣೆಯಾಗಿ ಉಳಿದಿದೆ. ಸೆನ್ಸರಿನ ಗಾತ್ರಕ್ಕೆ ತಕ್ಕ ಸಂಗಮದೂರವನ್ನು ಮತ್ತು ಕ್ಯಾಮೆರಾಕ್ಕೆ ಹೊಂದುವ ಮೋಟಾರನ್ನು ನೋಡಿ ಕೊಂಡ ಮಸೂರ ಮುಂದೆ ಕ್ಯಾಮೆರಾ ಬದಲಾದಾಗಲೂ ಅಡಾಪ್ಟರಿನ ನೆರವಿನಿಂದ ಬಳಕೆಗೆ ಬರುತ್ತದೆ.